ಅದೇ ರೇಖಾಂಶದ ಆಚೆ ತುದಿ: ಗೌರಿಬಿದನೂರಿನ ನಿಶ್ಶಬ್ದ ಉಳಿಸಿಕೊಳ್ಳಲು ಒಂದು ಬಹಿರಂಗ ಪತ್ರ

ಚಿಕ್ಕಬಳ್ಳಾಪುರ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಗೌರಿಬಿದನೂರು ತಾಲ್ಲೂಕಿನ ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಸದಸ್ಯರು ಮತ್ತು ಪಿಡಿಒಗಳಿಗೆ,

ಮಾನ್ಯರೇ,

ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಗೌರಿಬಿದನೂರಿನ ಮೇಲೆ ಬೆರಳಿಟ್ಟು ನೇರ ದಕ್ಷಿಣಕ್ಕೆ ಒಂದು ಗೆರೆ ಎಳೆದು ನೋಡಿ. ಬೆಂಗಳೂರನ್ನು ಸವರಿಕೊಂಡು, ಕನ್ಯಾಕುಮಾರಿಯ ಹತ್ತಿರ ನೆಲ ಬಿಟ್ಟು, ಗೆರೆ ಕಡಲಿಗಿಳಿಯುತ್ತದೆ. ಅಲ್ಲಿಂದ ಮುಂದೆ ಬರೀ ನೀರು. ಭೂಮಧ್ಯರೇಖೆ ದಾಟಿದರೂ ನೀರು, ಮಕರ ಸಂಕ್ರಾಂತಿ ವೃತ್ತ ದಾಟಿದರೂ ನೀರು. ನಮ್ಮೂರಿಂದ ಸುಮಾರು 5,700 ಕಿ.ಮೀ. ಹೋದ ಮೇಲೆ, ದಕ್ಷಿಣ ಅಕ್ಷಾಂಶ 37.8 ಡಿಗ್ರಿಯಲ್ಲಿ, ಆ ಗೆರೆಗೆ ಒಂದು ಗುಡ್ಡ ಅಡ್ಡ ಸಿಗುತ್ತದೆ. ಅದು ಆಮ್‌ಸ್ಟರ್‌ಡ್ಯಾಮ್ ದ್ವೀಪ, ಫ್ರಾನ್ಸಿಗೆ ಸೇರಿದ ಒಂದು ಜ್ವಾಲಾಮುಖಿಯ ನೆತ್ತಿ. ಅದರ ರೇಖಾಂಶವೂ ಗೌರಿಬಿದನೂರಿನ ರೇಖಾಂಶವೂ ಒಂದೇ, ಪೂರ್ವ 77.5 ಡಿಗ್ರಿ. ಇಲ್ಲಿ ನಡುಹಗಲಾದ ಗಳಿಗೆಯಲ್ಲೇ ಅಲ್ಲೂ ನಡುಹಗಲು.

ಆ ದ್ವೀಪದಲ್ಲಿ ಊರಿಲ್ಲ, ಹೊಲವಿಲ್ಲ, ವಿಮಾನ ನಿಲ್ದಾಣವಿಲ್ಲ. ಇರುವುದು 1949ರಲ್ಲಿ ಶುರುವಾದ ಒಂದು ಸಂಶೋಧನಾ ಕೇಂದ್ರ ಮಾತ್ರ. ನಮ್ಮ ತಾಲ್ಲೂಕಿನಲ್ಲೂ ಎರಡು ಕೇಂದ್ರಗಳಿವೆ: 1965ರಿಂದ ನೆಲದ ಕಂಪನಕ್ಕೆ ಕಿವಿಗೊಟ್ಟಿರುವ ಭೂಕಂಪ ಮಾಪಕಗಳ ಸಾಲು, ಮತ್ತು 1976ರಿಂದ ಆಕಾಶದ ರೇಡಿಯೊ ಸದ್ದು ಕೇಳುತ್ತಿರುವ ವೀಕ್ಷಣಾಲಯ. ಮೂರಕ್ಕೂ ಬಂಡವಾಳ ಒಂದೇ, ಸುತ್ತಲಿನ ನಿಶ್ಶಬ್ದ. ಅಲ್ಲಿ ಅದನ್ನು ಕಡಲು ಕಾಯುತ್ತದೆ. ಇಲ್ಲಿ ಕಾಯಬೇಕಾದವರು ನೀವು ಮತ್ತು ನಾವು. ಅದು ಹೇಗೆ, ಎಷ್ಟು ಕಡಿಮೆ ಖರ್ಚಿನಲ್ಲಿ ಸಾಧ್ಯ ಎಂದು ವಿವರವಾಗಿ ತಿಳಿಸಲು ಈ ಪತ್ರ.

ಮೊದಲು ಆ ದ್ವೀಪದ ಕೆಲಸವನ್ನು ಹತ್ತಿರದಿಂದ ನೋಡೋಣ. ಏಕಾಂತ ಎಂದರೆ ಏನು, ಅದು ಹೇಗೆ ಕೆಡುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ದ್ವೀಪದ ವಿಸ್ತೀರ್ಣ ಐವತ್ತೈದು ಚದರ ಕಿ.ಮೀ.ಗಿಂತ ತುಸು ಹೆಚ್ಚು, ಅತಿ ಎತ್ತರದ ಜಾಗ 881 ಮೀಟರ್. ಯಾವ ಖಂಡಕ್ಕೆ ಹೋಗಬೇಕೆಂದರೂ 3,000 ಕಿ.ಮೀ. ದಾಟಬೇಕು. ಜನ, ಡೀಸೆಲ್, ಅಕ್ಕಿ, ಬೇಳೆ, ಔಷಧಿ, ಬಿಡಿಭಾಗ, ಎಲ್ಲವೂ ಸುಮಾರು 2,800 ಕಿ.ಮೀ. ದೂರದ ರೀಯೂನಿಯನ್ ದ್ವೀಪದಿಂದ ಮಾರಿಯೋನ್ ಡ್ಯುಫ್ರೆನ್ ಎಂಬ ಹಡಗಿನಲ್ಲಿ ಬರಬೇಕು. ಹಡಗು ವರ್ಷಕ್ಕೆ ನಾಲ್ಕು ಸುತ್ತು ಬರುತ್ತದೆ. ಹಾಗಾಗಿ ಅಲ್ಲಿ ಒಂದು ಪಂಪಿನ ರಬ್ಬರ್ ಪೊರೆ ಹರಿದರೆ ಅಂಗಡಿಗೆ ಓಡಲಾಗದು. ಬಿಡಿಭಾಗ ಕಪಾಟಿನಲ್ಲಿರಬೇಕು, ಇಲ್ಲವಾದರೆ ತಿಂಗಳುಗಟ್ಟಲೆ ಕಾಯಬೇಕು. ಚಳಿಗಾಲದಲ್ಲಿ ಅಲ್ಲಿ ಉಳಿಯುವವರು ಇಪ್ಪತ್ತು ಮೂವತ್ತು ಜನ. ಅಡುಗೆಯವರು, ವೈದ್ಯರು, ವಿದ್ಯುತ್ ಮಿಸ್ತ್ರಿ ಎಲ್ಲ ಸೇರಿ ಅಷ್ಟೇ.

ಅವರ ಮುಖ್ಯ ಕೆಲಸಗಳಲ್ಲಿ ಒಂದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯುವುದು. 1980ರಿಂದ ಇದು ನಡೆದಿದೆ. ಅಳೆಯುವ ಮನೆ ಇರುವುದು ವಸತಿಯ ಪಕ್ಕದಲ್ಲಲ್ಲ, ಅಲ್ಲಿಂದ ಸುಮಾರು ಎರಡು ಕಿ.ಮೀ. ಆಚೆ, ವಾಯವ್ಯ ತುದಿಯಲ್ಲಿ, ಕಡಲಿನಿಂದ 70 ಮೀಟರ್ ಎತ್ತರದ ಬಂಡೆಯಂಚಿನಲ್ಲಿ. ಹೆಸರು ಪ್ವಾಂಟ್ ಬೆನೆಡಿಕ್ಟ್. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ವಾಯವ್ಯ ದಿಕ್ಕಿನಿಂದ ಬೀಸುತ್ತದೆ. ಹಾಗಾಗಿ ಕೊಳವೆಗೆ ಮೊದಲು ಸಿಗುವುದು ಸಾವಿರಾರು ಕಿ.ಮೀ. ಕಡಲ ಮೇಲೆ ಬಂದ ಗಾಳಿ. ವಸತಿಯ ಜನರೇಟರ್ ಹೊಗೆ ಹಿಂದಕ್ಕೆ ಹೋಗುತ್ತದೆ. ಗಾಳಿ ತಿರುಗಿದ ದಿನ ಯಂತ್ರ ಓಡುತ್ತಲೇ ಇರುತ್ತದೆ, ಆದರೆ ಆ ಹೊತ್ತಿನ ಲೆಕ್ಕಕ್ಕೆ ಗುರುತು ಹಾಕಿ ಪಕ್ಕಕ್ಕಿಡುತ್ತಾರೆ. ಅಳಿಸುವುದಿಲ್ಲ, ಸೇರಿಸುವುದೂ ಇಲ್ಲ.

ಅಂಕಿಗಳನ್ನು ನೋಡಿದರೆ ಈ ಎಚ್ಚರ ಅತಿಯೇನಲ್ಲ ಎಂದು ತಿಳಿಯುತ್ತದೆ. ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಈಗ 420ರ ಆಸುಪಾಸು. ಇದನ್ನೇ 420 ಪಿಪಿಎಂ ಎನ್ನುವುದು. ಅದು ವರ್ಷಕ್ಕೆ ಎರಡು ಮೂರು ಪಿಪಿಎಂ ಏರುತ್ತಿದೆ. ದಕ್ಷಿಣ ಗೋಳಾರ್ಧದ ಕೇಂದ್ರಗಳ ಅಳತೆಗಳು ಒಂದಕ್ಕೊಂದು 0.05 ಪಿಪಿಎಂ ಒಳಗೆ ಹೊಂದಬೇಕು ಎಂದು ವಿಶ್ವ ಹವಾಮಾನ ಸಂಸ್ಥೆ ಗುರಿ ಇಟ್ಟಿದೆ. ಈಗ ಮನುಷ್ಯನ ಉಸಿರು ನೋಡಿ. ನಾವು ಹೊರಬಿಡುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ನಾಲ್ಕು ಶೇಕಡಾ, ಎಂದರೆ 40,000 ಪಿಪಿಎಂ, ಹೊರಗಿನ ಗಾಳಿಗಿಂತ ಹೆಚ್ಚುಕಡಿಮೆ ನೂರು ಪಟ್ಟು. ಕೈಯಲ್ಲಿ ಹಿಡಿದು ಗಾಳಿ ತುಂಬುವ ಗಾಜಿನ ಬುರುಡೆಗಳ ಹಳೆಯ ಕ್ರಮ ಹುಟ್ಟಿದ್ದು ಇದರಿಂದಲೇ. ಒಳಗಿನ ಗಾಳಿಯನ್ನು ಮೊದಲೇ ಹೀರಿ ತೆಗೆದ ಬುರುಡೆ ಹಿಡಿದು ಗಾಳಿಗೆ ಎದುರಾಗಿ ನಿಲ್ಲಬೇಕು. ಒಂದು ಸಲ ಉಸಿರೆಳೆದು ಬಿಗಿಹಿಡಿದು, ಗಾಳಿ ಬರುವ ಕಡೆಗೇ ಕೆಲವು ಹೆಜ್ಜೆ ನಡೆದು, ಬುರುಡೆಯನ್ನು ತಲೆಗಿಂತ ಮೇಲೆತ್ತಿ ತಿರುಪು ಬಿಚ್ಚಬೇಕು. ಸುಯ್ ಎಂದು ಗಾಳಿ ಒಳನುಗ್ಗುತ್ತದೆ. ತಿರುಪು ಮುಚ್ಚಿದ ಮೇಲೆಯೇ ಉಸಿರು ಬಿಡಬೇಕು. ನಡುವೆ ಕೆಮ್ಮಿದರೆ ಆ ಬುರುಡೆ ಹಾಳಾದಂತೆಯೇ.

ಈಗಿನ ಯಂತ್ರ ಕಂಬದ ತುದಿಯಿಂದ ತಾನಾಗಿಯೇ ಗಾಳಿ ಎಳೆದುಕೊಳ್ಳುತ್ತದೆ. ಆದರೂ ಕೆಡುವ ದಾರಿಗಳು ಕಡಿಮೆಯಾಗಿಲ್ಲ. ಮೊದಲನೆಯದು ತೇವ. ಗಾಳಿಯಲ್ಲಿ ಎರಡು ಶೇಕಡಾ ನೀರಾವಿ ಇದ್ದರೆ ಉಳಿದದ್ದೆಲ್ಲ ಎರಡು ಶೇಕಡಾ ತೆಳುವಾಗುತ್ತದೆ. 420 ಇದ್ದದ್ದು 411.6 ಎಂದು ಕಾಣುತ್ತದೆ. ಮೂರು ನಾಲ್ಕು ವರ್ಷಗಳ ಏರಿಕೆಯನ್ನೇ ನುಂಗುವ ತಪ್ಪು ಅದು. ಅದಕ್ಕೇ ಗಾಳಿಯನ್ನು ಮೊದಲು ತೀರ ತಣ್ಣಗಿನ ಕೊಳವೆಯಲ್ಲಿ ಹಾಯಿಸಿ ತೇವವನ್ನು ಹೆಪ್ಪುಗಟ್ಟಿಸಿ ತೆಗೆಯುತ್ತಾರೆ, ಇಲ್ಲವೇ ತೇವವನ್ನೂ ಜೊತೆಯಲ್ಲೇ ಅಳೆದು ಲೆಕ್ಕದಲ್ಲಿ ಕಳೆಯುತ್ತಾರೆ. ಎರಡನೆಯದು ಸೋರಿಕೆ. ಪಂಪಿಗೆ ಮುಂಚಿನ ಒಂದು ನಟ್ಟು ಸಡಿಲವಾಗಿ, ಕೋಣೆಯೊಳಗಿನ ಗಾಳಿ ಒಂದೇ ಒಂದು ಶೇಕಡಾ ಬೆರೆಯಿತು ಎನ್ನಿ. ಜನ ಕೂತ ಕೋಣೆಯಲ್ಲಿ 1,000 ಪಿಪಿಎಂ ಇದ್ದರೆ ಅಳತೆ ಆರು ಪಿಪಿಎಂನಷ್ಟು ಮೇಲೆ ಹೋಗುತ್ತದೆ. ಮೂರನೆಯದು ಉಪ್ಪು. ಕಡಲ ಸಿಂಚನ ಜಾಲರಿಯನ್ನು ಕಟ್ಟುತ್ತದೆ, ಹರಿವು ಇಳಿಯುತ್ತದೆ, ಲೋಹದ ಕೀಲು ತಿನ್ನುತ್ತದೆ.

ಇನ್ನು ತೂಕಕ್ಕೆ ಬಟ್ಟು ಇದ್ದ ಹಾಗೆ, ಅಳತೆಗೆ ಪ್ರಮಾಣ ಅನಿಲದ, ಎಂದರೆ ಇಂಗಾಲದ ಡೈಆಕ್ಸೈಡ್ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಗಾಳಿಯ, ಸಿಲಿಂಡರ್‌ಗಳು. ಅವುಗಳ ಒಳಗೋಡೆಗೆ ಅಂಟಿಕೊಂಡ ಇಂಗಾಲದ ಡೈಆಕ್ಸೈಡ್ ಒತ್ತಡ ಇಳಿದಂತೆ ಬಿಡುಗಡೆಯಾಗಿ ಬಟ್ಟೇ ಭಾರವಾಗುತ್ತದೆ. ಅದಕ್ಕೆ ಸಿಲಿಂಡರ್ ಪೂರ್ತಿ ಖಾಲಿ ಮಾಡುವಂತಿಲ್ಲ, 20-30 ಬಾರ್ ಒತ್ತಡ ಉಳಿದಾಗಲೇ ಬದಲಾಯಿಸಬೇಕು. ಹಡಗು ವರ್ಷಕ್ಕೆ ನಾಲ್ಕೇ ಸಲ ಬರುವ ಜಾಗದಲ್ಲಿ ಈ ಶಿಸ್ತು ಪಾಲಿಸಲು ಎಷ್ಟು ಮುಂದಾಲೋಚನೆ ಬೇಕೆಂದು ಯೋಚಿಸಿ.

ಬಂದ ಗಾಳಿ ನಿಜಕ್ಕೂ ಕಡಲಿನದೇ ಎಂದು ತಿಳಿಯುವ ಉಪಾಯ ಇನ್ನೂ ಚೆಂದ. ರೇಡಾನ್ ಎಂಬ ಅನಿಲ ನೆಲದಿಂದ, ಅದರಲ್ಲೂ ನಮ್ಮ ನಂದಿಬೆಟ್ಟದಂಥ ಗ್ರಾನೈಟ್‌ನಿಂದ, ಸದಾ ಹೊರಸೂಸುತ್ತದೆ. ಕಡಲಿನಿಂದ ಬರುವುದು ಇಲ್ಲವೆನ್ನುವಷ್ಟು ಕಡಿಮೆ. 3.8 ದಿನಕ್ಕೆ ಅದು ಅರ್ಧವಾಗುತ್ತದೆ. ಪ್ವಾಂಟ್ ಬೆನೆಡಿಕ್ಟ್‌ನಲ್ಲಿ ರೇಡಾನ್ ಏರಿತೆಂದರೆ ಆ ಗಾಳಿ ಈಚಿನ ದಿನಗಳಲ್ಲಿ ಆಫ್ರಿಕಾ ಅಥವಾ ಮಡಗಾಸ್ಕರ್‌ನ ನೆಲ ಮುಟ್ಟಿ ಬಂದಿದೆ ಎಂದರ್ಥ. ಸಾವಿರಾರು ಕಿ.ಮೀ. ಆಚೆಯ ನೆಲದ ಸೋಂಕನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಅದೇ ದ್ವೀಪದಲ್ಲಿ ಭೂಕಾಂತ ಅಳೆಯುವ ಮನೆಯೂ ಇದೆ. ಇಂಥ ಮನೆಗಳಿಗೆ ಕಬ್ಬಿಣದ ಮೊಳೆ ಹೊಡೆಯುವುದಿಲ್ಲ. ಅಳತೆಗೆ ಒಳಹೋಗುವವರು ಬೆಲ್ಟು, ಬೀಗದ ಕೈ, ಮೊಬೈಲು ಎಲ್ಲ ಹೊರಗಿಡಬೇಕು. ಭೂಕಂಪ ಮಾಪಕವೂ ಇದೆ. ಆದರೆ ಅಲ್ಲಿ ಕಡಲೇ ಶತ್ರು. ಅಲೆಗಳ ಬಡಿತ ನೆಲದೊಳಗೆ ಇಳಿದು, ಆರು ಸೆಕೆಂಡಿನ ಆಸುಪಾಸಿನ ಲಯದಲ್ಲಿ ಹಗಲಿರುಳು ಗುಂಯ್‌ಗುಡುತ್ತದೆ. ಗಾಳಿ ಅಳೆಯುವವರಿಗೆ ವರವಾದ ಕಡಲು ನೆಲದ ಕಂಪನ ಕೇಳುವವರಿಗೆ ತೊಡಕು. ಪ್ರತಿ ಉಪಕರಣಕ್ಕೂ ಅದರದೇ ಆದ ನಿಶ್ಶಬ್ದ ಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ಬೇರೆ ಇಲ್ಲ.

ಅಷ್ಟು ದೂರವಿದ್ದರೂ ಆ ಜಾಗ ಸುರಕ್ಷಿತವಾಗೇನೂ ಉಳಿದಿಲ್ಲ. 1871ರಲ್ಲಿ ರೀಯೂನಿಯನ್‌ನಿಂದ ಬಂದ ಒಂದು ಕುಟುಂಬ ಬೇಸಾಯ ಮಾಡಲು ನೋಡಿ, ಕೆಲವೇ ತಿಂಗಳಲ್ಲಿ ಕೈಬಿಟ್ಟು ಹೋಯಿತು. ಬಿಟ್ಟುಹೋದ ನಾಲ್ಕಾರು ದನಗಳು ಸಾವಿರಗಟ್ಟಲೆಯಾಗಿ, ಬೇರೆಲ್ಲೂ ಅಷ್ಟಾಗಿ ಸಿಗದ ಫಿಲಿಕಾ ಮರಗಳ ಕಾಡನ್ನು ಮೇಯ್ದು ಮುಗಿಸಿದವು. ಕೊನೆಯ ದನ ಅಲ್ಲಿಂದ ಹೋದದ್ದು 2010ರಲ್ಲಿ. ಈಗ ಹಡಗಿನಿಂದ ಇಳಿಯುವ ಪ್ರತಿಯೊಬ್ಬರೂ ಬೂಟಿನ ತಳ ಉಜ್ಜಿ, ಜೇಬಿನ ಮೂಲೆಗಳಲ್ಲಿ ಬೀಜ ಸಿಕ್ಕಿಕೊಂಡಿದೆಯೇ ಎಂದು ನೋಡಿಕೊಂಡೇ ಕಾಲಿಡಬೇಕು. 2025ರ ಜನವರಿಯಲ್ಲಿ ಬೆಂಕಿ ಬಿತ್ತು. ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗ ಸುಟ್ಟಿತು. ಅಲ್ಲಿದ್ದ 31 ಜನರನ್ನು ಹತ್ತಿರದಲ್ಲಿದ್ದ ಮೀನುಗಾರಿಕೆ ಹಡಗು ಹತ್ತಿಸಿಕೊಂಡಿತು. ಕಟ್ಟಡಗಳು ಬಹುತೇಕ ಉಳಿದರೂ ನೀರಿನ ಕೊಳವೆ, ಸಂಪರ್ಕದ ಜಾಲಕ್ಕೆ ಪೆಟ್ಟು ಬಿತ್ತು. ಹವಾಯಿಯ ಮೌನಾ ಲೋವಾ ಪರ್ವತದ ಇಳಿಜಾರಿನಲ್ಲಿ 1958ರಿಂದ ಇದೇ ಅಳತೆ ನಡೆಯುತ್ತಿದೆ. 2022ರ ನವೆಂಬರ್‌ನಲ್ಲಿ ಲಾವಾ ಹರಿದು ರಸ್ತೆಯನ್ನೂ ವಿದ್ಯುತ್ ತಂತಿಯನ್ನೂ ಕಡಿದುಹಾಕಿತು. ಪಕ್ಕದ ಮೌನಾ ಕೇಯಾದಲ್ಲಿ ತಾತ್ಕಾಲಿಕವಾಗಿ ಅಳತೆ ಮುಂದುವರಿಸಬೇಕಾಯಿತು. ಕಟ್ಟಡ ಮತ್ತೆ ಕಟ್ಟಬಹುದು, ಯಂತ್ರ ಮತ್ತೆ ತರಿಸಬಹುದು. ಅಳೆಯದೆ ಹೋದ ದಿನದ ಗಾಳಿ ಮಾತ್ರ ಮತ್ತೆ ಸಿಗುವುದಿಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ.

ಗೌರಿಬಿದನೂರಿನ ಭೂಕಂಪ ಮಾಪಕಗಳ ಸಾಲನ್ನು ಭಾಭಾ ಅಣು ಸಂಶೋಧನಾ ಕೇಂದ್ರ ಬ್ರಿಟಿಷರ ಸಹಕಾರದಲ್ಲಿ ಕಟ್ಟಿತು. ಆಗ ಇದು ಕೋಲಾರ ಜಿಲ್ಲೆ. ದೂರದ ದೇಶಗಳಲ್ಲಿ ನೆಲದಡಿ ನಡೆಯುವ ಅಣುಸ್ಫೋಟವನ್ನು ಭೂಕಂಪದಿಂದ ಬೇರೆಯಾಗಿ ಗುರುತಿಸುವುದು ಮೊದಲ ಉದ್ದೇಶ. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ, ಇಪ್ಪತ್ತು ಕಿ.ಮೀ. ಮೀರಿದ ಎರಡು ತೋಳುಗಳ ಉದ್ದಕ್ಕೂ 20 ಮಾಪಕಗಳನ್ನು ಗುಂಡಿಗಳಲ್ಲಿ ಕೂರಿಸಲಾಯಿತು. ಅವು ಒಂದು ಕಾಂಪೌಂಡಿನೊಳಗೆ ಇರುವಂಥವಲ್ಲ. ನಿಮ್ಮ ಪಂಚಾಯಿತಿಗಳ ಹೊಲ, ಬಯಲು, ದಾರಿಗಳ ನಡುವೆಯೇ ಹರಡಿಕೊಂಡ ಏರ್ಪಾಡು ಅದು.

ಇಷ್ಟು ದೂರ ದೂರ ಯಾಕೆ? ಆಮ್‌ಸ್ಟರ್‌ಡ್ಯಾಮ್ ದ್ವೀಪದ ಬಳಿಯ ಕಡಲತಳದಲ್ಲಿ ಭೂಮಿ ನಡುಗಿದರೆ ಮೊದಲ ಅಲೆ ಸುಮಾರು ಒಂಬತ್ತು ನಿಮಿಷದಲ್ಲಿ ಗೌರಿಬಿದನೂರಿಗೆ ತಲುಪುತ್ತದೆ. ಅದು ಎಲ್ಲ ಗುಂಡಿಗಳಿಗೂ ಒಟ್ಟಿಗೇ ಬರುವುದಿಲ್ಲ. ತೋಳಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೆರಡು ಸೆಕೆಂಡಿನ ಅಂತರ. ಆ ಅಂತರದಿಂದ ಅಲೆ ಬಂದ ದಿಕ್ಕು ಸಿಗುತ್ತದೆ. ಅಷ್ಟೇ ಅಂತರ ಸರಿಸಿ 20 ದಾಖಲೆಗಳನ್ನೂ ಕೂಡಿಸಿದರೆ ನಿಜವಾದ ಅಲೆ ಒಂದಕ್ಕೊಂದು ಸೇರಿ ಬೆಳೆಯುತ್ತದೆ, ಅಡ್ಡಾದಿಡ್ಡಿ ಗದ್ದಲ ಒಂದನ್ನೊಂದು ಹೊಡೆದುಹಾಕುತ್ತದೆ. ಇಪ್ಪತ್ತರ ವರ್ಗಮೂಲ ಸುಮಾರು ನಾಲ್ಕೂವರೆ, ಗದ್ದಲಕ್ಕೆ ಹೋಲಿಸಿದರೆ ಅಲೆ ಅಷ್ಟು ಪಟ್ಟು ಸ್ಪಷ್ಟವಾಗುತ್ತದೆ. ಕಡಲಿಂದ ದೂರದ, ಹಳೆಯ ಗಟ್ಟಿ ಬಂಡೆಯ ಈ ಬಯಲುಸೀಮೆಯಲ್ಲಿ ಇದಕ್ಕೆ ಒದಗಿಬಂದ ಅನುಕೂಲ ದ್ವೀಪಕ್ಕಿಲ್ಲ. ಆದರೆ ಒಂದು ಗುಂಡಿಯ ಪಕ್ಕ ಗದ್ದಲ ಹೆಚ್ಚಿದರೆ ಅದನ್ನು ಲೆಕ್ಕದಿಂದ ಬಿಡಬೇಕಾಗುತ್ತದೆ. 20 ಇದ್ದದ್ದು 19, ಆಮೇಲೆ 18. ಸಾಲು ಸವೆಯುವುದು ಹೀಗೆ, ಯಾರಿಗೂ ಕಾಣದಂತೆ.

ಯಾವುದು ಕೆಡಿಸುತ್ತದೆ, ಯಾವುದು ಕೆಡಿಸುವುದಿಲ್ಲ ಎಂದು ಬಿಡಿಸಿ ಹೇಳಬೇಕು. ಗೊತ್ತಿಲ್ಲದೆ ರೈತರ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ. ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರು ಸೆಕೆಂಡಿಗೆ ಸುಮಾರು 48 ಸುತ್ತು ತಿರುಗುತ್ತದೆ. ಅಷ್ಟು ಚುರುಕಿನ ಕಂಪನ ನೆಲದಲ್ಲಿ ಬೇಗ ಅಡಗುತ್ತದೆ, ಮಾಪಕಕ್ಕೆ ಬೇಕಾದ ಲಯದಿಂದಲೂ ಅದು ದೂರ. ಗುಂಡಿಯ ಪಕ್ಕದಲ್ಲೇ ಇಲ್ಲದಿದ್ದರೆ ಅದರಿಂದ ದೊಡ್ಡ ತೊಂದರೆಯಿಲ್ಲ. ಕಲ್ಲು ಪುಡಿಮಾಡುವ ಜಾ ಕ್ರಷರ್ ಹಾಗಲ್ಲ. ಅದರ ದವಡೆ ನಿಮಿಷಕ್ಕೆ 250ರಿಂದ 300 ಸಲ ಕಚ್ಚುತ್ತದೆ, ಎಂದರೆ ಸೆಕೆಂಡಿಗೆ ನಾಲ್ಕೈದು. ಭೂಕಂಪದ ಅಲೆಗಳು ಇರುವ ಲಯದ ನಡುಮಧ್ಯೆಯೇ ಅದು ಬಂದು ಕೂರುತ್ತದೆ, ದಿನವಿಡೀ ಒಂದೇ ಸಮನೆ. ಗಟ್ಟಿ ಬಂಡೆ ಅದನ್ನು ಬಲು ದೂರ ಒಯ್ಯುತ್ತದೆ. ಭಾರದ ಟಿಪ್ಪರ್‌ಗಳು ಓಡುವ ಗುಂಡಿಬಿದ್ದ ರಸ್ತೆಯೂ ಹಾಗೆಯೇ. ಮಾಪಕ ಗಮನಿಸುವುದು ನ್ಯಾನೋಮೀಟರ್ ಲೆಕ್ಕದ ಚಲನೆಯನ್ನು. ತಲೆಗೂದಲಿನ ದಪ್ಪವನ್ನು ಹತ್ತಾರು ಸಾವಿರ ಪಾಲು ಮಾಡಿದರೆ ಒಂದು ಪಾಲು ಅಷ್ಟು.

ಆದ್ದರಿಂದ ನಮ್ಮ ಮೊದಲ ಕೋರಿಕೆ: 20 ಗುಂಡಿಗಳ ಮತ್ತು ರೇಡಿಯೊ ವೀಕ್ಷಣಾಲಯದ ಸರ್ವೆ ನಂಬರ್‌ಗಳನ್ನು ಕೇಂದ್ರಗಳಿಂದ ಅಧಿಕೃತವಾಗಿ ಪಡೆದು ಪ್ರತಿ ಪಂಚಾಯಿತಿಯ ನಕ್ಷೆಯಲ್ಲಿ ಗುರುತಿಸಿ. ಕ್ರಷರ್, ಕಲ್ಲುಗಣಿ, ಭೂಪರಿವರ್ತನೆ, ಮೊಬೈಲ್ ಟವರ್, ಸೌರ ಸ್ಥಾವರ, ಯಾವುದಕ್ಕೆ ಎನ್‌ಒಸಿ ಅರ್ಜಿ ಬಂದರೂ ಪಿಡಿಒ ಮೊದಲು ಆ ನಕ್ಷೆ ನೋಡಲಿ. ಹತ್ತಿರವಿದ್ದರೆ ಅರ್ಜಿಯ ಪ್ರತಿಯನ್ನು ಕೇಂದ್ರಕ್ಕೆ ಕಳಿಸಿ, ಅವರ ಉತ್ತರ ಬಂದ ಮೇಲೆಯೇ ಸಭೆಯ ಮುಂದಿಡಲಿ. ಎಷ್ಟು ದೂರವಿದ್ದರೆ ಸಾಕು ಎಂಬುದು ಬಂಡೆ, ಮಣ್ಣು, ಯಂತ್ರದ ಗಾತ್ರ ನೋಡಿ ಹೇಳಬೇಕಾದ ಮಾತು. ಪಂಚಾಯಿತಿ ಕಟ್ಟೆಯಲ್ಲಿ ಕೂತು ಊಹಿಸುವಂಥದ್ದಲ್ಲ.

ಈಗಾಗಲೇ ಅನುಮತಿ ಇರುವ ಕಲ್ಲುಗಣಿಗಳನ್ನು ಮುಚ್ಚಿ ಎಂದು ನಾವು ಕೇಳುತ್ತಿಲ್ಲ. ಅವುಗಳಿಂದ ವಿಜ್ಞಾನಕ್ಕೆ ಉಪಯೋಗವೂ ಇದೆ. ಸಿಡಿತದ ಸಮಯ, ಜಾಗ, ಪ್ರಮಾಣ ಸರಿಯಾಗಿ ಗೊತ್ತಿದ್ದರೆ ಅದು ಮಾಪಕಗಳಿಗೆ ತಾಳೆ ನೋಡುವ ಸಾಧನವಾಗುತ್ತದೆ. ಗೊತ್ತಿಲ್ಲದಿದ್ದರೆ ಅದೇ ಸಿಡಿತ ಸಣ್ಣ ಭೂಕಂಪವೇ ಎಂಬ ಗೊಂದಲ. ಬೇಕಿರುವುದು ಒಂದು ನೋಟ್‌ಬುಕ್. ಪ್ರತಿ ಸಿಡಿತಕ್ಕೂ ದಿನಾಂಕ, ಮೊಬೈಲಿನ ಜಿಪಿಎಸ್ ಸಮಯ ಸೆಕೆಂಡಿನವರೆಗೆ, ಕುಳಿಗಳ ಸಂಖ್ಯೆ, ಒಟ್ಟು ಮದ್ದಿನ ಕೆಜಿ ತೂಕ, ಕುಳಿಗಳ ನಡುವಿನ ವಿಳಂಬ ಮಿಲಿಸೆಕೆಂಡಿನಲ್ಲಿ, ಮತ್ತು ಜಾಗದ ಅಕ್ಷಾಂಶ ರೇಖಾಂಶ. ಗೋಡೆ ಗಡಿಯಾರದ ಸಮಯ ಬರೆದರೆ ಪ್ರಯೋಜನವಿಲ್ಲ, ಅದು ನಿಮಿಷಗಟ್ಟಲೆ ಹಿಂದು ಮುಂದು ಇರುತ್ತದೆ. ಎಲ್ಲ ಕುಳಿಗಳನ್ನೂ ಒಟ್ಟಿಗೆ ಸಿಡಿಸದೆ ವಿಳಂಬದ ಡಿಟೊನೇಟರ್ ಬಳಸಿದರೆ ಪಕ್ಕದ ಮನೆಗಳ ಗೋಡೆ ಬಿರುಕು ಬಿಡುವುದೂ ತಗ್ಗುತ್ತದೆ. ತಿಂಗಳಿಗೊಮ್ಮೆ ಆ ಪುಟಗಳ ಫೋಟೊ ಕೇಂದ್ರಕ್ಕೆ ಹೋಗಲಿ. ಗಣಿ ಅನುಮತಿಯ ಷರತ್ತುಗಳಲ್ಲಿ ಜಿಲ್ಲಾಡಳಿತ ಇದನ್ನು ಸೇರಿಸಬೇಕು.

ಗುಂಡಿಗಳ ವಿಚಾರದಲ್ಲಿ ಊರಿನವರಿಗೆ ಹೇಳಬೇಕಾದ್ದು ಸ್ವಲ್ಪ. ಮುಚ್ಚಳದ ಮೇಲೆ ಹುಲ್ಲು, ಕಲ್ಲು ಪೇರಿಸಬಾರದು. ಪಕ್ಕದ ಕಂಬಕ್ಕೆ ದನ ಕಟ್ಟಬಾರದು. ಹತ್ತಿರ ನೀಲಗಿರಿಯಂಥ ಎತ್ತರದ ಮರ ನೆಡಬಾರದು, ಗಾಳಿಗೆ ಮರ ತೂಗಿದಾಗ ಬೇರು ನೆಲವನ್ನೇ ಅಲ್ಲಾಡಿಸುತ್ತದೆ. ಹೊಲದ ಬದು ತಿದ್ದುವಾಗ ಮಳೆನೀರು ಗುಂಡಿಯ ಕಡೆ ತಿರುಗದಂತೆ ನೋಡಿಕೊಳ್ಳಬೇಕು. ಜೆಸಿಬಿ ಕೆಲಸ ಶುರುಮಾಡುವ ಮುಂಚೆ ಕೇಬಲ್ ಎಲ್ಲಿ ಹೋಗಿದೆ ಎಂದು ಕೇಳಬೇಕು.

ರೇಡಿಯೊ ವೀಕ್ಷಣಾಲಯದ ಮಾತು ಬೇರೆ. ಅದು ನೆಲದ ನಡುಕಕ್ಕೆ ಹೆದರುವುದಿಲ್ಲ, ಕಿಡಿಗೆ ಹೆದರುತ್ತದೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ಅಲ್ಲಿನ ಮೊದಲ ದೂರದರ್ಶಕ ಟಿ ಆಕಾರದ್ದು. ಸಾವಿರ ಡೈಪೋಲ್ ಆಂಟೆನಾಗಳು, ಪೂರ್ವ-ಪಶ್ಚಿಮ ತೋಳೇ 1.38 ಕಿ.ಮೀ. ಕೇಳುತ್ತಿದ್ದ ಆವರ್ತನ 34.5 ಮೆಗಾಹರ್ಟ್ಸ್. 1997ರಿಂದ ಸೂರ್ಯನ ಹೊರವಲಯವನ್ನು ಚಿತ್ರಿಸುವ ರೇಡಿಯೊ ಹೀಲಿಯೊಗ್ರಾಫ್ ಕೂಡ ಇದೆ. ಆದಿತ್ಯ ಎಲ್-1 ನೌಕೆ 2023ರ ಸೆಪ್ಟೆಂಬರ್ 2ರಂದು ಹಾರಿದ ಮೇಲೆ, ಸೂರ್ಯನ ಬಗ್ಗೆ ನೆಲದಿಂದ ಸಿಗುವ ಇಂಥ ದಾಖಲೆಗಳ ಬೆಲೆ ಇನ್ನೂ ಹೆಚ್ಚಿದೆ. ನಮ್ಮ ಜಿಲ್ಲೆಯೊಳಗೇ ಇನ್ನೊಂದು ಸಂಗತಿ ನಡೆದದ್ದು ಹೆಚ್ಚಿನವರಿಗೆ ತಿಳಿದಿಲ್ಲ. 2020ರಲ್ಲಿ ರಾಮನ್ ಸಂಸ್ಥೆಯವರು ಸರಸ್-3 ಎಂಬ ರೇಡಿಯೊ ದೂರದರ್ಶಕವನ್ನು ದಂಡಿಗಾನಹಳ್ಳಿ ಕೆರೆಯ ನೀರಿನ ಮೇಲೆ ತೆಪ್ಪದಲ್ಲಿ ತೇಲಿಬಿಟ್ಟರು, ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಆಂಟೆನಾದ ಕೆಳಗೆ ಕಲ್ಲುಮಣ್ಣಿನ ಏರುಪೇರು ಇರಬಾರದು, ಒಂದೇ ಸಮನಾದ ನೀರಿರಬೇಕು ಎಂಬುದು ಲೆಕ್ಕ. ಬ್ರಹ್ಮಾಂಡದ ಮೊದಲ ನಕ್ಷತ್ರಗಳ ಗುರುತು ಸಿಕ್ಕಿದೆ ಎಂದು 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಿಂದ ಬಂದಿದ್ದ ಸುದ್ದಿಯನ್ನು ಈ ಅಳತೆ 95 ಶೇಕಡಾಕ್ಕೂ ಹೆಚ್ಚಿನ ಖಚಿತತೆಯಿಂದ ತಳ್ಳಿಹಾಕಿತು, 2022ರಲ್ಲಿ ಪ್ರಕಟವಾಯಿತು. ನಮ್ಮ ಕೆರೆಯ ನಡುವೆ ಕೆಲವು ದಿನ ಒಂದು ದ್ವೀಪದ ಕೇಂದ್ರವೇ ಇತ್ತು.

ಈ ಆವರ್ತನಗಳಲ್ಲಿ ಅತಿ ಹೆಚ್ಚು ಕೆಡಿಸುವುದು ಕರೆಂಟ್ ಕಂಬ. 11 ಕೆವಿ ಲೈನಿನಲ್ಲಿ ಬಿರುಕುಬಿಟ್ಟ ಪಿಂಗಾಣಿ ಪಿನ್ ಇನ್ಸುಲೇಟರ್, ಸಡಿಲವಾದ ಜಂಪರ್, ತಂತಿಯನ್ನು ಇನ್ಸುಲೇಟರಿಗೆ ಕಟ್ಟಿದ ಬೈಂಡಿಂಗ್ ಬಿಚ್ಚಿಕೊಂಡಿರುವುದು, ತುಕ್ಕುಹಿಡಿದ ಕ್ರಾಸ್ ಆರ್ಮ್ ಬೋಲ್ಟು: ಎರಡು ಲೋಹಗಳ ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೆ ಸಾಕು. ಕರೆಂಟು ಸೆಕೆಂಡಿಗೆ 50 ಸುತ್ತು ತಿರುಗುವಾಗ ಆ ಸಂದಿಯಲ್ಲಿ 100 ಸಲ ಕಿಡಿ ಹಾರುತ್ತದೆ. ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೊ ಸ್ಟೇಷನ್, ಲೈನೇ ಅದರ ಆಂಟೆನಾ. ಇದು ಬರೀ ವಿಜ್ಞಾನಿಗಳ ತಾಪತ್ರಯವಲ್ಲ. ಕಿಡಿ ಹಾರುವ ಜಂಪರ್ ಇಂದಲ್ಲ ನಾಳೆ ಕರಗಿ ಬೀಳುತ್ತದೆ, ಕೆಳಗೆ ಒಣ ಹುಲ್ಲಿದ್ದರೆ ಬಣವೆಗೆ ಬೆಂಕಿ.

ಇದನ್ನು ಹುಡುಕಲು ದುಬಾರಿ ಉಪಕರಣ ಬೇಡ. ಮೀಡಿಯಂ ವೇವ್ ಇರುವ ಸಣ್ಣ ಬ್ಯಾಟರಿ ರೇಡಿಯೊ ಸಾಕು. ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ಮುಳ್ಳು ತಿರುಗಿಸಿ, ಸದ್ದು ಹೆಚ್ಚಿಸಿ, ಲೈನಿನ ಪಕ್ಕದಲ್ಲಿ ನಡೆಯಿರಿ. ಕಿಡಿ ಇದ್ದರೆ ಜರ್ರ್ ಎಂಬ ಒರಟು ಸದ್ದು. ಮೀಡಿಯಂ ವೇವ್‌ನಲ್ಲಿ ಅದು ಲೈನ್ ಹಿಡಿದು ದೂರದವರೆಗೂ ಕೇಳಿಸುತ್ತದೆ, ಆದ್ದರಿಂದ ಕಂಬ ಯಾವುದು ಎಂದು ಅಲ್ಲಿಗೇ ತೀರ್ಮಾನಿಸಬೇಡಿ. ಶಾರ್ಟ್ ವೇವ್ ಇರುವ ರೇಡಿಯೊ ಆದರೆ ಮೇಲಿನ ಬ್ಯಾಂಡಿಗೆ ತಿರುಗಿಸಿ. ಆವರ್ತನ ಏರಿದಷ್ಟೂ ಸದ್ದು ಆ ಒಂದು ಕಂಬದ ಸುತ್ತಕ್ಕೇ ಕುಗ್ಗುತ್ತದೆ. ಕಂಬದ ನಂಬರ್ ಬರೆದುಕೊಂಡು ಸೆಕ್ಷನ್ ಕಚೇರಿಗೆ ಕೊಡಿ. ಕಂಬ ಮುಟ್ಟಬೇಡಿ, ಒದೆಯಬೇಡಿ, ಸ್ಟೇ ತಂತಿ ಎಳೆಯಬೇಡಿ. ಆ ಕೆಲಸ ಲೈನ್ ಆಫ್ ಮಾಡಿಸಿಕೊಂಡ ಲೈನ್‌ಮನ್‌ನದು ಮಾತ್ರ. ಮಳೆ ಬಂದ ದಿನ ಹುಡುಕಲು ಹೋದರೆ ಸದ್ದೇ ಇರುವುದಿಲ್ಲ, ನೀರು ಸಂದಿ ತುಂಬಿ ಕಿಡಿ ನಿಂತಿರುತ್ತದೆ. ರಿಪೇರಿಯಾಯಿತು ಎಂದು ಕಡತ ಮುಚ್ಚುವುದು ಎಷ್ಟೋ ಸಲ ಇಂಥ ದಿನವೇ.

ತೋಟದ ಝಟ್ಕಾ ಬೇಲಿ ಇನ್ನೊಂದು ಮೂಲ. ಸೆಕೆಂಡಿಗೊಮ್ಮೆ ಟಿಕ್ ಎಂದರೆ ಅದೇ. ಬೇಲಿ ಸರಿಯಿದ್ದರೆ ಸದ್ದು ತೀರ ಕಡಿಮೆ. ಹುಲ್ಲು, ಲಂಟಾನ ತಂತಿಗೆ ತಾಗಿದಾಗ, ಗಂಟು ಹಾಕಿದ ಕಡೆ ಸಡಿಲವಾದಾಗ ಕಿಡಿ ಹಾರುತ್ತದೆ. ಬೇಲಿಯ ಝಟ್ಕಾ ಶಕ್ತಿಯೂ ಅಲ್ಲೇ ಸೋರಿಹೋಗುತ್ತದೆ, ಹಂದಿ ಒಳಗೆ ಬರುತ್ತದೆ. ಸೌರ ಪಂಪಿನ ಕಂಟ್ರೋಲರ್ ಮತ್ತು ಇನ್ವರ್ಟರ್‌ಗಳಲ್ಲಿ ಪ್ಯಾನಲ್‌ನಿಂದ ಬರುವ ಎರಡು ತಂತಿಗಳನ್ನು ದೂರ ದೂರ ಎಳೆದರೆ ಅವೇ ಆಂಟೆನಾ ಆಗುತ್ತವೆ. ಎರಡನ್ನೂ ಒಂದಕ್ಕೊಂದು ಹೊಸೆದು ಒಂದೇ ಪೈಪಿನಲ್ಲಿ ತನ್ನಿ, ಚೌಕಟ್ಟಿಗೆ ಅರ್ಥಿಂಗ್ ಸರಿಯಾಗಿ ಕೊಡಿ, ಕಂಟ್ರೋಲರ್ ಬಾಯಲ್ಲಿ ರೇಡಿಯೊ ಗದ್ದಲ ತಡೆಯುವ ಫೆರೈಟ್ ಉಂಗುರದೊಳಗೆ ತಂತಿಯನ್ನು ಕೆಲವು ಸುತ್ತು ಹಾಯಿಸಿ. ಪಂಚಾಯಿತಿಯ ಬೀದಿದೀಪಕ್ಕೆ ಟೆಂಡರ್ ಕರೆಯುವಾಗ ಬರೀ ವ್ಯಾಟ್ ಮತ್ತು ಬೆಲೆ ನೋಡಬೇಡಿ. ಒಳಗೆ ಶೋಧಕ ಇಲ್ಲದ ಅಗ್ಗದ ಎಲ್‌ಇಡಿ ಡ್ರೈವರ್ ಬೀದಿ ಉದ್ದಕ್ಕೂ ರೇಡಿಯೊ ಗದ್ದಲ ಚೆಲ್ಲುತ್ತದೆ. ಮಾದರಿ ದೀಪ ತರಿಸಿ, ಉರಿಸಿ, ಪಕ್ಕದಲ್ಲಿ ಅದೇ ಸಣ್ಣ ರೇಡಿಯೊ ಹಿಡಿದು ಕೇಳಿ. ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಬಂದಾಗ ನೀರು ಹಾಯಿಸುವ ರೈತರಿಗೆ ಪಂಪ್ ನಿಲ್ಲಿಸಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಕಡಿಮೆ ಆವರ್ತನಕ್ಕೆ ರಾತ್ರಿಯೇ ಒಳ್ಳೆಯ ಹೊತ್ತು ನಿಜ. ಆದರೆ ಕೆಡಿಸುವುದು ಪಂಪಲ್ಲ, ಸ್ಟಾರ್ಟರ್‌ನ ಸುಟ್ಟ ಕಾಂಟ್ಯಾಕ್ಟು ಮತ್ತು ಟಿಸಿ ಮೇಲಿನ ಸಡಿಲ ಜೋಡಣೆ. ಅವನ್ನು ಸರಿಪಡಿಸಿದರೆ ಮೋಟಾರೂ ಬಾಳುತ್ತದೆ.

ಕಳೆದುಕೊಂಡರೆ ಏನಾಗುತ್ತದೆ ಎಂದು ತಿಳಿಯಲು ಬಹು ದೂರ ಹೋಗಬೇಕಿಲ್ಲ. ಕೋಲಾರ ಚಿನ್ನದ ಗಣಿಯಲ್ಲಿ 2.3 ಕಿ.ಮೀ. ಆಳದಲ್ಲಿ, ತಲೆಯ ಮೇಲೆ ಅಷ್ಟು ಬಂಡೆಯ ಮರೆಯಿದ್ದ ಕಾರಣಕ್ಕೇ, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿ ಬಂಡೆಯನ್ನೂ ಹಾಯ್ದುಬರುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಗುರುತು ಸಿಕ್ಕಿತು. ಜಗತ್ತಿಗೇ ಮೊದಮೊದಲ ಸುದ್ದಿ ಅದು. 2001ರಲ್ಲಿ ಗಣಿ ಮುಚ್ಚಿತು. ನೀರೆತ್ತುವುದು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿತು. ಅಷ್ಟು ಆಳದ ಮರೆಯನ್ನು ಇನ್ನೊಂದು ಕಡೆ ಕೊರೆದು ಮಾಡುವ ಖರ್ಚು ಎಷ್ಟೆಂದು ವಿಜ್ಞಾನಿಗಳನ್ನು ಕೇಳಿ.

ಕೊನೆಯದಾಗಿ ಮಾಡಬಹುದಾದ ಕೆಲಸವೊಂದನ್ನು ಹೇಳುತ್ತೇವೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ಮಳೆಯವರೆಗೆ ಇನ್ಸುಲೇಟರ್‌ಗಳ ಮೇಲೆ ದೂಳು ಕೂತು, ಗಾಳಿ ಒಣಗಿ, ಕಿಡಿ ಹೆಚ್ಚಿರುತ್ತದೆ. ಆ ದಿನಗಳಲ್ಲಿ ವೀಕ್ಷಣಾಲಯದ ಸುತ್ತಲಿನ ಪ್ರತಿ ಪಂಚಾಯಿತಿಯೂ ಒಂದು ಸಂಜೆ ಗೊತ್ತುಮಾಡಲಿ. ಪ್ರೌಢಶಾಲೆಯ ಒಬ್ಬ ವಿಜ್ಞಾನ ಶಿಕ್ಷಕರು, ನಾಲ್ಕು ಮಕ್ಕಳು, ಒಬ್ಬ ಲೈನ್‌ಮನ್, ಎರಡು ರೇಡಿಯೊ, ಒಂದು ನೋಟ್‌ಬುಕ್. ಸಂಜೆ ಆರರಿಂದ ಎಂಟರವರೆಗೆ ಲೈನಿನಿಂದ ದೂರ ಉಳಿದು, ದಾರಿಯ ಮೇಲೇ ನಡೆಯಲಿ. ಪ್ರತಿ ಕಂಬಕ್ಕೂ ಮೂರರಲ್ಲಿ ಒಂದು ಗುರುತು: ಸದ್ದಿಲ್ಲ, ಸಣ್ಣ ಸದ್ದು, ಜೋರು ಸದ್ದು. ಜೋರು ಎಂದು ಬರೆದ ಕಂಬಗಳ ಪಟ್ಟಿ ಮರುದಿನವೇ ಸೆಕ್ಷನ್ ಕಚೇರಿಗೆ, ಒಂದು ಪ್ರತಿ ವೀಕ್ಷಣಾಲಯಕ್ಕೆ. ಹದಿನೈದು ದಿನ ಬಿಟ್ಟು, ಮಳೆಯಿಲ್ಲದ ಸಂಜೆಯಲ್ಲಿ, ಆ ಕಂಬಗಳನ್ನಷ್ಟೇ ಮತ್ತೆ ಕೇಳಬೇಕು. ಈ ಬಾರಿಯ ಗ್ರಾಮಸಭೆಯ ನಡಾವಳಿಯಲ್ಲಿ ಆ ಸಂಜೆಯ ದಿನಾಂಕ ಬರೆಸಿ ಎಂದು ನಿಮ್ಮೆಲ್ಲರಲ್ಲಿ ಕೈಮುಗಿದು ಕೇಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗೌರಿಬಿದನೂರು ತಾಲ್ಲೂಕಿನ ಕೆಲವು ವಿಜ್ಞಾನ ಶಿಕ್ಷಕರು ಮತ್ತು ಉಪಕರಣ ತಂತ್ರಜ್ಞರು